ಜಪಾನಿ ಹಡಗು ಮತ್ತು ಅಪ್ಪನ ದೋಣಿ

ಚೂಕ್ ದ್ವೀಪ, ಪೆಸಿಫಿಕ್ ಸಾಗರ

ಅಣ್ಣಾ,

೧೯೪೪ರಲ್ಲಿ ಅಮೆರಿಕದ ವಿಮಾನಗಳು ಇಲ್ಲಿ ಮುಳುಗಿಸಿದ ಜಪಾನಿ ಹಡಗೊಂದನ್ನು ಇವತ್ತು ನಮ್ಮ ಮೀನು ಸಮೀಕ್ಷೆಯ ತಂಡ ನೀರಿಗಿಳಿದು ನೋಡಿತು. ಒಳಗೆಲ್ಲ ಗೊಬ್ರೆ ಮೀನು, ಕಾರವಾರದ ಮಾರುಕಟ್ಟೆಗೆ ವಾರಕ್ಕೆ ಸಾಕು. ಹಳೆಯ ದೋಣಿ ಮುಳುಗಿಸಿದರೆ ಮೀನು ಸೇರುತ್ತವೆ ಎಂದು ನಾನು ಹೇಳಿದಾಗ, "ಅಪ್ಪನ ದೋಣಿ ಮುಳ್ಗ್ಸೂಕೆ ನಾ ಬಿಡೂದಿಲ್ಲ, ನೀ ಮೀನು ಎಣ್ಸೂಕೆ ಹೋಗ್" ಎಂದಿದ್ದೆಯಲ್ಲ, ಈಗೇನು ಹೇಳುತ್ತೀ?

ಆದರೆ ಹಡಗಿನಿಂದ ಇನ್ನೂ ಎಣ್ಣೆ ಸೋರುತ್ತಿದೆ. ನಮ್ಮನ್ನು ಕರೆದೊಯ್ದ ಇಲ್ಲಿನ ಅಜ್ಜ ನಮ್ಮ ದೋಣಿಯ ಜಗಳ ಕೇಳಿ, "ಮುಳುಗಿಸೋ ಮೊದ್ಲು ನಿಮ್ಮಣ್ಣ ಡೀಸೆಲ್ ಟ್ಯಾಂಕ್ ತೊಳೀತಾನಾ?" ಎಂದ. ನಾನು ಸುಳ್ಳು ಹೇಳಲಿಲ್ಲ.

"ಹಾಗಾದ್ರೆ ದೋಣಿ ದಡದಲ್ಲೇ ಇರ್ಲಿ" ಎಂದ.

ನೀರಿನಾಳಕ್ಕೆ ಇಳಿದು ಬಂದಿದ್ದ ನನ್ನ ಕಿವಿನೋವು ಕಡಿಮೆಯಾಗಿದೆ. ಗೆದ್ದದ್ದು ನೀನೇ ಎಂದು ಆಯಿಗೆ ಹೇಳು, ಹೇಗೆ ಗೆದ್ದೆ ಎಂದು ಮಾತ್ರ ಹೇಳಬೇಡ.

ಚಂದನಾ