ಅಳಿಸಿದ ಚುಕ್ಕಿಗಳು

ಮನೆಯಿಂದ,
ಮಾರ್ಚ್ ೧೧, ಮಂಗಳವಾರ

ನನ್ನ ಮುದ್ದಿನ ಗುಬ್ಬಿಗೆ,

ಕೆಮ್ಮು ಬಿಟ್ಟಿತೇ? ಹಾಸ್ಟೆಲಿನಲ್ಲಿ ಬಿಸಿನೀರು ಸಿಗದಿದ್ದರೆ ವಾರ್ಡನ್ನನ್ನು ಕೇಳು, ಸಂಕೋಚಪಡಬೇಡ. ಇಲ್ಲಿ ಅಪ್ಪ ಅಮ್ಮ ಆರೋಗ್ಯವಾಗಿದ್ದಾರೆ. ನನ್ನ ಮಂಡಿ ಎಂದಿನಂತೆ ಗೊಣಗುತ್ತದೆ, ನಾನೂ ಗೊಣಗುತ್ತೇನೆ, ಇಬ್ಬರಿಗೂ ಹೊಂದಿಕೆಯಾಗಿದೆ.

ನಿನ್ನೆ ಪ್ರಾಯೋಗಿಕ ಪರೀಕ್ಷೆ ಮುಗಿಯಿತು. ಮನೆಯಲ್ಲಿ ಕೇಳಿದವರಿಗೆಲ್ಲ ಪರವಾಗಿಲ್ಲ ಎಂದೆ. ನಿನಗೆ ಮಾತ್ರ ನಿಜ ಬರೆಯುತ್ತೇನೆ. ಹುಡುಗಿಯಾಗಿದ್ದಾಗ ಬಿಟ್ಟ ಓದು ಮುಗಿಸಬೇಕೆಂದು ಈ ವಯಸ್ಸಿನಲ್ಲಿ ಹೊಲಿಗೆ ಯಂತ್ರ ಮುಚ್ಚಿಟ್ಟು ಕೂತವಳು ನಾನು. ರಜೆಯಲ್ಲಿ ಊಟದ ಮೇಜಿನ ಮೇಲೆ ತಂತಿ ಹರಡಿ ಪಾಠ ಹೇಳಿದವಳು ನೀನು. ತಂತಿಯ ಪ್ರಯೋಗವಾಯಿತು, ಬಲ್ಬಿನದಕ್ಕೆ ಬರುವಷ್ಟರಲ್ಲಿ ನಿನ್ನ ರಜೆ ಮುಗಿಯಿತು. ಪರೀಕ್ಷೆಯಲ್ಲಿ ನನ್ನ ಪಾಲಿಗೆ ಬಂದದ್ದು ಬಲ್ಬೇ. ವೋಲ್ಟೇಜು ಸ್ವಲ್ಪ ಸ್ವಲ್ಪವೇ ಏರಿಸುವುದು, ಎಷ್ಟು ಕರೆಂಟು ಹರಿಯಿತೆಂದು ಮೀಟರಿನಲ್ಲಿ ನೋಡುವುದು, ಕರೆಂಟಿಗೆ ಬಲ್ಬು ಒಡ್ಡುವ ರೋಧ ಹೇಗೆ ಬದಲಾಗುತ್ತದೆಂದು ಗೆರೆ ಎಳೆದು ತೋರಿಸುವುದು. "ಮೀಟರಿನ ಸೂಜಿ ನಿಂತ ಮೇಲೆ ಓದು ಅಜ್ಜಿ, ಆತುರ ಮಾಡ್ಬೇಡ" ಎಂದಿದ್ದೆಯಲ್ಲ, ಹಾಗೆಯೇ ಮಾಡಿದೆ. ಬಲ್ಬು ಮೊದಲು ಕೆಂಪಗೆ ಮಿಣುಕಿತು, ಆಮೇಲೆ ಹಳದಿಯಾಯಿತು, ಕೊನೆಗೆ ಕಣ್ಣು ಕೋರೈಸಿತು. ಆದರೆ ನಾನಿಟ್ಟ ಚುಕ್ಕಿಗಳು ಮೊದಲು ನೆಟ್ಟಗೆ ಹೋಗಿ, ಬೆಳಕು ಏರಿದಂತೆಲ್ಲ ವಾಲತೊಡಗಿದವು. ವೋಲ್ಟೇಜು ಏರಿಸಿದಷ್ಟು ಕರೆಂಟು ಏರುತ್ತಿರಲಿಲ್ಲ. ರವಿಕೆಯ ಕಂಕುಳಿಗೆಂದು ಸೀಮೆಸುಣ್ಣದಲ್ಲಿ ಎಳೆಯುತ್ತೇನಲ್ಲ, ಥೇಟ್ ಆ ಬಾಗು.

ಪಕ್ಕದ ಮೇಜಿನಲ್ಲಿ ನನ್ನ ಹಾಗೆಯೇ ಬಿಟ್ಟ ಓದು ಮುಗಿಸಲು ಬಂದ ಒಬ್ಬ ಬಸ್ ಕಂಡಕ್ಟರ್ ಇದ್ದರು, ಒಳ್ಳೆಯ ಮನುಷ್ಯ. "ಅಮ್ಮಾ, ನಿಮ್ದು ಯಾಕೋ ಸೊಟ್ಟಗಾಗಿದೆ. ನಂದು ನೋಡಿ, ಸ್ಕೇಲ್ ಇಟ್ಟ ಹಾಗಿದೆ" ಎಂದರು. ನೋಡಿದೆ, ನಿಜ. ಆಚೆ ಮೇಜಿನದೂ ನೆಟ್ಟಗಿತ್ತು. ಮತ್ತೊಮ್ಮೆ ಅಳೆದೆ, ಮತ್ತೆ ಅದೇ ಬಾಗು. ಇಷ್ಟು ಜನರದು ಸರಿಯಿರುವಾಗ ತಪ್ಪು ನನ್ನದೇ ಎಂದುಕೊಂಡು, ಚುಕ್ಕಿಗಳನ್ನು ರಬ್ಬರಿನಿಂದ ಉಜ್ಜಿ, ಅಂಕಿಗಳನ್ನೂ ತಿದ್ದಿ, ಸ್ಕೇಲಿಟ್ಟು ಗೆರೆ ಎಳೆದುಬಿಟ್ಟೆ.

ಪರೀಕ್ಷೆ ಮಾಡಲು ಬಂದಿದ್ದ ಟೀಚರು ನಿನ್ನ ಅಮ್ಮನ ವಯಸ್ಸಿನವರು. ಹಾಳೆಯನ್ನು ಬೆಳಕಿಗೆ ಹಿಡಿದರು. ಉಜ್ಜಿದ ಚುಕ್ಕಿಗಳ ಗುರುತು ಉಳಿದಿತ್ತು. "ಅವರಿಗೆಲ್ಲ ಕೊಟ್ಟಿದ್ದು ತಂತಿ. ನಿಮ್ದು ಬಲ್ಬು. ಬಿಸಿ ಏರಿದ ಹಾಗೆ ಅದರ ರೋಧ ಜಾಸ್ತಿ ಆಗತ್ತೆ, ಗೆರೆ ಬಾಗಲೇಬೇಕು. ಸರಿಯಾಗೇ ಅಳೆದಿದ್ರಲ್ಲ, ಯಾಕೆ ಅಳಿಸಿದ್ರಿ?" ಎಂದು ಮೆಲ್ಲಗೆ ಕೇಳಿದರು. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಫೇಲಾದರೆ ಮತ್ತೆ ಕೂರಬಹುದು, ಅದಕ್ಕೆ ಚಿಂತೆಯಿಲ್ಲ. ಆದರೆ ಕಣ್ಣಾರೆ ಕಂಡದ್ದನ್ನು ಕೈಯಾರೆ ಅಳಿಸಿದೆನಲ್ಲ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೊರಗಿದೆ. ಎಷ್ಟು ಅಂದವಾಗಿ ಬಂದಿತ್ತು ಆ ಬಾಗು.

ನಿನ್ನ ಹೊಟ್ಟೆ ತುಂಬಿರಲಿ, ಮನಸ್ಸು ಹಗುರಾಗಿರಲಿ ಎಂದು ಹರಸುವ,
ನಿನ್ನ ಮುದಿ ವಿದ್ಯಾರ್ಥಿನಿ,
ಅಜ್ಜಿ

ಮರೆತಿದ್ದೆ: ಅಂಚೆಗೆ ಹಾಕಲು ನಿನ್ನ ಅಮ್ಮ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬೇಗ ಬರೆಯುತ್ತೇನೆ. ಅಲ್ಲಿನ ಓದು ನಿನಗೆ ಒಗ್ಗುತ್ತಿಲ್ಲ ಎಂದು ನೀನು ಬರೆದಾಗ, ಮನೆಯವರೆಲ್ಲ ಅದನ್ನೇ ಓದು ಎಂದಿದ್ದಾರೆಂದರೆ ಸರಿಯೇ ಇರಬೇಕು ಎಂದು ಉತ್ತರ ಬರೆದಿದ್ದೆ. ಆ ಪತ್ರ ಹರಿದುಹಾಕು. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ನೀನು ಬರೆದದ್ದನ್ನೆಲ್ಲ ನಿನ್ನ ಅಪ್ಪನಿಗೆ ಹೇಳಿದೆ. ತಟ್ಟೆ ಬಿಟ್ಟು ಎದ್ದುಹೋದ, ಇನ್ನೂ ನನ್ನೊಡನೆ ಮಾತಿಲ್ಲ. ಶನಿವಾರ ಹೊರಟು ಬಾ. ಅವನ ಹತ್ತಿರ ನೀನು ಮಾತಾಡುವಾಗ ನಾನು ನಿನ್ನ ಪಕ್ಕದಲ್ಲಿ ಕೂತಿರುತ್ತೇನೆ.