ಬೂದು ಗೂಬೆಗೆ ಬಂದ ಬೆಲೆ

ಪ್ರೀತಿಯ ತಮ್ಮಾ,

ವಾರ್ಡಿನೊಳಗೆ ನನ್ನನ್ನೂ ಬಿಡುವುದಿಲ್ಲ, ನಿನ್ನ ಫೋನನ್ನೂ ಬಿಡುವುದಿಲ್ಲ. ಅದಕ್ಕೇ ಈ ಚೀಟಿಯನ್ನು ನರ್ಸಮ್ಮನ ಕೈಗೆ ಕೊಟ್ಟಿದ್ದೇನೆ. ನೀನು ಹೇಳಿದಂತೆ ಫೋನಿನಲ್ಲಿ ಚಿತ್ರದ ಕಾರ್ಡು ಕೂಡಿಸಿ ಅದಲುಬದಲು ಮಾಡುವ ನಿನ್ನ ಆಟವನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ.

ನಿನ್ನ ಬೂದು ಗೂಬೆಯ ಕಾರ್ಡನ್ನು ಯಾರೋ ಕೇಳಿದ್ದಾರೆ. ಬದಲಿಗೆ ಚಿನ್ನದಂಚಿನ ಮೂರು ಅಪರೂಪದ ಕಾರ್ಡು ಕೊಡುತ್ತಾರಂತೆ. ಗೂಬೆಯೋ ಎಲ್ಲರ ಬಳಿಯೂ ಇರುವ ಕಾರ್ಡು. ಆನೆ ಕೊಟ್ಟು ಇಲಿ ಕೊಳ್ಳುವವರು ಯಾರಪ್ಪಾ ಎಂದು ನೋಡಿದರೆ, ಹೆಸರು 'ಮೊಂಡಿ' ಎಂದಿದೆ. ಗೂಬೆಯ ಹಿಂಬದಿಯಲ್ಲಿ ಅದರ ಮೊದಲ ಒಡೆಯರ ಹೆಸರೂ ಅದೇ. ನೀನು ಹೆಂಡತಿಯನ್ನು ಹಾಗೆ ಕರೆಯುತ್ತಿದ್ದೆ. ಮನೆ ಬಿಟ್ಟು ಹೋದವಳು ಆ ಹೆಸರನ್ನು ಬಿಟ್ಟಿಲ್ಲ.

ಕೊಟ್ಟದ್ದನ್ನು ವಾಪಸು ಪಡೆದು ಎಲ್ಲ ಮುಗಿಸುತ್ತಿದ್ದಾಳೋ, ನಿನ್ನನ್ನು ಮಾತಿಗೆ ಎಳೆಯುತ್ತಿದ್ದಾಳೋ, ನನಗಂತೂ ತಿಳಿಯುತ್ತಿಲ್ಲ. ಅದಕ್ಕೇ ನಾನು ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. ಜೊತೆಗೆ ಒಂದು ಸಾಲು ಬರೆದಿದ್ದಾಳೆ: "ಯಾಕ್ರೀ, ಆಟಕ್ಕೇ ಬರ್ತಿಲ್ಲ? ಹುಷಾರಾಗಿದ್ದೀರಾ?"

ಕಾರ್ಡಿನ ವಿಷಯ ಆಮೇಲೆ ನೋಡೋಣ. ಈ ಮಾತಿಗೆ ಏನೆಂದು ಉತ್ತರ ಕೊಡಲಿ? ಆಸ್ಪತ್ರೆಯ ಹೆಸರು ಬರೆಯಲೇ? ಒಂದೇ ಮಾತು ಹೇಳಿಕಳಿಸು. ನಾನು ಕೆಳಗೇ ಬೆಂಚಿನ ಮೇಲೆ ಕೂತಿದ್ದೇನೆ.

ನಿನ್ನ
ಅಕ್ಕ