ಸುರುಳಿಯ ನಡುವಿನ ಅಲಸಂದೆ

ಮತ್ತಿಕೆರೆ,
೧೬ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ನರೇಂದ್ರ,

ಹೇಗಿದ್ದೀಯೋ? ಹಾಸನದ ಚಳಿಗೆ ನಿನ್ನ ಉಬ್ಬಸ ಕೆರಳಿಲ್ಲ ತಾನೆ? ಎರಡು ವರ್ಷದಿಂದ ನನ್ನ ಫೋನ್ ಎತ್ತುತ್ತಿಲ್ಲ. ಕಾಗದವನ್ನಾದರೂ ಒಡೆದು ಓದುತ್ತೀಯೆಂದು ಬರೆಯುತ್ತಿದ್ದೇನೆ. ನಾನು ಆರೋಗ್ಯವಾಗಿದ್ದೇನೆ. ಬಾಗಲೂರಿನ ಮನೆಗೆ ಬೀಗ ಹಾಕಿ ಇಲ್ಲೊಂದು ಕೋಣೆ ಹಿಡಿದಿದ್ದೇನೆ. ಸುತ್ತ ಕಾಲೇಜು ಮಕ್ಕಳ ಗಲಾಟೆ, ಆದರೂ ರಜೆಯ ದಿನ ಮಾತಾಡಲು ಯಾರೂ ಇಲ್ಲದೆ ನನ್ನ ದನಿ ನನಗೇ ಕೇಳಿಸುವುದಿಲ್ಲ. ಬೆಳಿಗ್ಗೆ ಹಾಲಿನವನನ್ನು ಬೇಕೆಂದೇ ನಿಲ್ಲಿಸಿಕೊಂಡು ಎರಡು ಮಾತಾಡುತ್ತೇನೆ.

ಹೆಬ್ಬಾಳದ ಬೀಜದ ಪ್ರಯೋಗಾಲಯದಲ್ಲಿ ಹೋದ ಜೂನ್‌ನಿಂದ ನನಗೊಂದು ಹೊಸ ಕೆಲಸ. ತಾಮ್ರದ ಸುರುಳಿಗಳ ನಡುವೆ ಅಲಸಂದೆ ಬೀಜವಿಟ್ಟು, ತಂತಿಯಲ್ಲಿ ಸ್ವಲ್ಪವೇ ಕರೆಂಟು ಹರಿಸಿ, ಆ ದುರ್ಬಲ ಕಾಂತಕ್ಷೇತ್ರದಲ್ಲಿ ಮೊಳಕೆ ಹೇಗೆ ಬೆಳೆಯುತ್ತದೆಂದು ಅಳೆಯುವುದು. ಮೊದಲ ಸಲವೇ ಸುರುಳಿಯೊಳಗಿನ ಬೇರುಗಳು ಹೊರಗಿನ ತಟ್ಟೆಯವಕ್ಕಿಂತ ಮೋಟಾಗಿದ್ದವು. ಹೇಳಲು ನಾಚಿಕೆ ಕಣೋ, ನನಗೆ ಸಂತೋಷವಾಯಿತು. ನಮ್ಮ ತಾರಸಿಯ ಮೇಲೆ ನೀನು ಹಾಕಿಸಿದ ಮೊಬೈಲ್ ಟವರ್, ಅಪ್ಪನ ತಲೆಯೊಳಗಿನ ಗೆಡ್ಡೆ, ತಿಥಿಯ ದಿನ ನೆಂಟರೆದುರು ನಾನು "ಅಪ್ಪನ್ನ ಕೊಂದಿದ್ದು ನೀನೇ" ಅಂದದ್ದು, ಎಲ್ಲಕ್ಕೂ ಪುರಾವೆ ಸಿಕ್ಕಿತೆಂದುಕೊಂಡೆ.

ಜೊತೆಗೆ ಕೆಲಸ ಮಾಡುವ ಮಲ್ಕಾ ಒಂದು ದಿನ ತಟ್ಟೆಯಡಿ ಕೈಯಿಟ್ಟು, "ಸುಮಾ, ಮುಟ್ಟಿ ನೋಡೇ, ಬೆಚ್ಚಗಿದೆ. ಬಿಸಿಗೇ ಹಿಂಗಾಗಿರ್ಬೇಕು" ಎಂದಳು. ಸುರುಳಿ ಕಾಯುತ್ತಿತ್ತು. ಸಣ್ಣ ಫ್ಯಾನು ಇಟ್ಟೆವು. ಯಾವ ತಟ್ಟೆ ಸುರುಳಿಯದು, ಯಾವುದು ಹೊರಗಿನದು ಎಂದು ನನಗೂ ತಿಳಿಯದಂತೆ ಅವಳೇ ಚೀಟಿ ಅಂಟಿಸಿ ಮುಚ್ಚಿದಳು. ಹನ್ನೊಂದು ಸಲ ಅಳೆದೆ. ಹನ್ನೊಂದನೆಯ ಸಲ ಚೀಟಿ ಬಿಚ್ಚಿದಾಗಲೂ ಎರಡೂ ಕಡೆಯ ಬೇರು ಒಂದೇ ಉದ್ದ. ಎಲ್ಲರೂ ಊಟಕ್ಕೆ ಹೋಗಿದ್ದರು. ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ.

ಅಲಸಂದೆ ಕಾಳಿನಿಂದ ಟವರಿನ ಬಗ್ಗೆ ಏನೂ ಸಾಬೀತಾಗುವುದಿಲ್ಲ, ಅಷ್ಟು ನನಗೆ ಗೊತ್ತು. ಆದರೆ ಬೇಕಾದ್ದನ್ನೇ ಕಾಣುವ ನನ್ನ ಕಣ್ಣು ಎಂಥದ್ದೆಂದು ಗೊತ್ತಾಯಿತು. ಅಪ್ಪ ಹೋದದ್ದಕ್ಕೆ ಯಾರ ಮೇಲಾದರೂ ಸಿಟ್ಟಾಗಬೇಕಿತ್ತು. ಹತ್ತಿರ ಇದ್ದವನು ನೀನೊಬ್ಬನೇ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮನೆಯವಳು ಮಾಲಾಗೆ ನನ್ನ ನೆನಪು ಹೇಳು. ಇಬ್ಬರೂ ನೂರು ಕಾಲ ತಣ್ಣಗಿರಿ.

ನಿನ್ನ ಅಕ್ಕ,
ಸುಮಾ

ಮರೆತಿದ್ದೆ: ಮರೆತಿದ್ದೆ ಎಂಬುದೂ ಸುಳ್ಳು. ತಲೆನೋವೆಂದು ಅಪ್ಪ ಮೊದಲ ಸಲ ಆಸ್ಪತ್ರೆಗೆ ಹೋದ ಚೀಟಿ ಯುಗಾದಿಯ ವಾರದ್ದು. ಟವರ್ ಎದ್ದದ್ದು ಅದಾದ ಆರು ತಿಂಗಳಿಗೆ, ಆ ವರ್ಷದ ದಸರೆಗೆ. ಚೀಟಿ ತಿಥಿಯ ಹಿಂದಿನ ದಿನವೇ ನನ್ನ ಕೈಗೆ ಸಿಕ್ಕಿತ್ತು. ತಾರೀಕು ಓದಿಯೇ ಬಚ್ಚಿಟ್ಟೆ. ಇದರ ಜೊತೆ ಕಳಿಸಿದ್ದೇನೆ, ನೆಂಟರಿಗೆಲ್ಲ ತೋರಿಸು.